ಹತೋಟಿಯ ಸಾಧಕ ಕ್ರಿಸ್ಟಿ ಮ್ಯಾಥ್ಯೂಸನ್

ಅಕ್ಷರಾಭ್ಯಾಸಕ್ಕೆ ಕುಳಿತ ಮಗುವಿನ ಕೈಹಿಡಿದು, ಮರಳಿನ ಮೇಲೆ ಒಂದೇ ಅಕ್ಷರವನ್ನು ಗುರುವು ನೂರು ಸಲ ತಿದ್ದಿಸುತ್ತಿದ್ದ ಕಾಲವೊಂದಿತ್ತು. ಮಗುವಿಗೆ ಅಂದು ಅದು ಬೇಸರದ ಕೆಲಸವೇ ಸರಿ. ಆದರೆ ತಿದ್ದಿ ತಿದ್ದಿ ದುಂಡಗಾದ ಆ ಅಕ್ಷರವು ಮುಂದೆ ಮುಪ್ಪಿನವರೆಗೂ ಆ ಕೈಯನ್ನು ಬಿಟ್ಟು ಹೋಗುತ್ತಿರಲಿಲ್ಲ. ಅಮರಕೋಶವನ್ನು ಬಾಯಿಪಾಠ ಮಾಡಿಸಿದ ಕ್ರಮವೂ ಇಂಥದ್ದೇ. ವೀಣೆಯ ತಂತಿಯ ಮೇಲೆ ಸರಳೆ ವರಸೆಗಳನ್ನು ನುಡಿಸಿದ ಕ್ರಮವೂ ಇಂಥದ್ದೇ. ಬುದ್ಧಿಯ ವಿದ್ಯೆಯಾಗಲಿ ಕೈಯ ವಿದ್ಯೆಯಾಗಲಿ, ತಿದ್ದುವಿಕೆಯಿಲ್ಲದೆ ಸಿದ್ಧಿಸಿದ್ದು ಯಾವುದೂ ಇಲ್ಲ. ಹಾಡುತ್ತಾ ಹಾಡುತ್ತಾ ರಾಗ ಎಂಬ ಗಾದೆಯನ್ನು ಹೇಳಿದ ನಮ್ಮ ಹಿರಿಯರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು.

ಆಟದ ಬಯಲಿನಲ್ಲಿಯೂ ಈ ಮಾತು ಅಷ್ಟೇ ನಿಜವಾದುದು. ಅಮೆರಿಕದ ಷಿಕಾಗೋ ನಗರದಲ್ಲಿ 1887ರಲ್ಲಿ ಒಳಾಂಗಣದ ವಿನೋದವಾಗಿ ಹುಟ್ಟಿದ ಸಾಫ್ಟ್‌ಬಾಲ್ ಆಟವು ಇಂದು ನಮ್ಮ ನಾಡಿನ ಶಾಲೆಗಳಲ್ಲಿಯೂ ಕಾಣಿಸಿಕೊಳ್ಳುತ್ತಿದೆ. ಈ ಆಟದ ವೇಗದ ಎಸೆತವನ್ನು ಒಮ್ಮೆ ಕಂಡವರು ಬೆರಗಾಗದಿರಲಾರರು. ಎಸೆಯುವವರು ತೋಳನ್ನು ಗಾಳಿಯಂತ್ರದ ರೆಕ್ಕೆಯಂತೆ ಒಂದು ಪೂರ್ಣ ಸುತ್ತು ತಿರುಗಿಸಿ, 12 ಅಂಗುಲ ಸುತ್ತಳತೆಯ ಚೆಂಡನ್ನು ತೊಡೆಯ ಪಕ್ಕದಿಂದ, ಕೆಳಗೈಯಿಂದಲೇ ಬಿಡುತ್ತಾರೆ. ಹೆಂಗಸರ ಆಟದಲ್ಲಿ 43 ಅಡಿ, ಗಂಡಸರ ಆಟದಲ್ಲಿ 46 ಅಡಿ ದೂರದಲ್ಲಿ ನಿಂತ ದಾಂಡಿಗರಿಗೆ ಆ ಚೆಂಡನ್ನು ನೋಡಿ, ತೀರ್ಮಾನಿಸಿ, ಹೊಡೆಯಲು ಕಣ್ಣೆವೆಯಿಕ್ಕುವಷ್ಟೇ ಸಮಯವಿರುತ್ತದೆ.

ಈ ವಿದ್ಯೆಯನ್ನು ಕಲಿಸುವ ಕ್ರಮವನ್ನು ಗಮನಿಸಿದರೆ ಮರಳಿನ ಮೇಲಿನ ಅಕ್ಷರವೇ ನೆನಪಿಗೆ ಬರುತ್ತದೆ. ಬಲ್ಲ ಶಿಕ್ಷಕರು ಮೊದಲ ದಿನವೇ ತೋಳನ್ನು ಸುತ್ತಿಸುವುದಿಲ್ಲ. ಗೋಡೆಯಿಂದ ಕೆಲವೇ ಹೆಜ್ಜೆಗಳ ದೂರದಲ್ಲಿ ನಿಲ್ಲಿಸಿ, ತೋಳನ್ನು ಕೆಳಗೆ ಇಳಿಬಿಡಿಸಿ, ಮಣಿಕಟ್ಟಿನ ಮಿಡಿತವೊಂದರಿಂದಲೇ ಚೆಂಡನ್ನು ಗೋಡೆಗೆ ತಾಗಿಸುವಂತೆ ಹೇಳುತ್ತಾರೆ. ಬೆರಳುಗಳು ಚೆಂಡನ್ನು ಸರಿಯಾಗಿ ಬಿಡುವುದನ್ನು ಕಲಿತ ಮೇಲೆ ಅರ್ಧ ಸುತ್ತು. ಅದು ಕೂಡಿ ಬಂದ ಮೇಲೆ ನಿಂತಲ್ಲಿಯೇ ಪೂರ್ಣ ಸುತ್ತು. ಅನಂತರ ಕಾಲಿನ ಹೆಜ್ಜೆ. ಕಟ್ಟಕಡೆಗೆ ಪೂರ್ತಿ ದೂರದಿಂದ ಎಸೆತ. ಗೋಡೆಯ ಮೇಲೆ ಸೀಮೆಸುಣ್ಣದಿಂದ ಒಂದು ಚೌಕವನ್ನು ಬರೆದು ಅದರ ನಾಲ್ಕು ಮೂಲೆಗಳನ್ನು ಒಂದೊಂದಾಗಿ ಗುರಿಯಿಡಿಸುವುದೂ ಉಂಟು. ಹತ್ತು ಎಸೆತಗಳಲ್ಲಿ ಎಷ್ಟು ತಾಗಿದವೆಂದು ಎಣಿಸಿ ಬರೆದಿಡುತ್ತಾರೆ. ಗುರಿ ತಪ್ಪತೊಡಗಿದರೆ ಒಂದು ಮೆಟ್ಟಿಲು ಹಿಂದಕ್ಕೆ ಇಳಿಯಬೇಕು, ವೇಗವನ್ನು ಹೆಚ್ಚಿಸಬಾರದು. ಮೊದಲು ಹತೋಟಿ, ಆಮೇಲೆ ವೇಗ, ಆಮೇಲೆ ತಿರುವು ಎಂಬುದೇ ಇದರ ಸೂತ್ರ. ಎಳೆಯರಿಗಾದರೋ ಈ ಮೂರನ್ನು ತಲೆಕೆಳಗು ಮಾಡಿ ಕಲಿಯುವ ಆಸೆ.

ಈ ಸೂತ್ರವನ್ನು ತನ್ನ ಬದುಕಿನಿಂದಲೇ ವಿವರಿಸಿ ಹೋದವನೊಬ್ಬನಿದ್ದಾನೆ. ಸಾಫ್ಟ್‌ಬಾಲಿನ ಹಿರಿಯಣ್ಣನೆನಿಸಿದ ಬೇಸ್‌ಬಾಲ್ ಆಟದಲ್ಲಿ ಚೆಂಡೆಸೆಗಾರನಾಗಿ ಅಮೆರಿಕದ ಮನೆಮನೆಯ ಮಾತಾಗಿದ್ದ ಕ್ರಿಸ್ಟಿ ಮ್ಯಾಥ್ಯೂಸನ್ ಎಂಬುವನೇ ಆತ. ಆ ಆಟದಲ್ಲಿ ಚೆಂಡನ್ನು ಭುಜದ ಮೇಲಿನಿಂದ, 60 ಅಡಿ 6 ಅಂಗುಲ ದೂರದಿಂದ ಎಸೆಯುತ್ತಾರೆ. ಕೈಯ ರೀತಿ ಬೇರೆಯಾದರೂ ಅಭ್ಯಾಸದ ನೀತಿ ಒಂದೇ. ಆತನು ಕಾಲವಾಗಿ ಸುಮಾರು ನೂರು ವರ್ಷಗಳು ಸಂದರೂ ಆತನ ಚರಿತ್ರೆ ಹಳತಾಗಿಲ್ಲ.

ಪೆನ್ಸಿಲ್ವೇನಿಯಾ ಪ್ರಾಂತದ ಫ್ಯಾಕ್ಟರಿವಿಲ್ ಎಂಬ ಚಿಕ್ಕ ಊರಿನಲ್ಲಿ 1880ರ ಆಗಸ್ಟ್ 12ರಂದು ಕ್ರಿಸ್ಟೋಫರ್ ಮ್ಯಾಥ್ಯೂಸನ್ ಜನಿಸಿದನು. ತಂದೆ ಗಿಲ್ಬರ್ಟ್, ತಾಯಿ ಮಿನರ್ವಾ. ಮಕ್ಕಳಲ್ಲಿ ಈತನೇ ಹಿರಿಯವನು. ಮಗನು ಧರ್ಮಬೋಧಕನಾಗಬೇಕೆಂಬುದು ದೈವಭಕ್ತೆಯಾದ ತಾಯಿಯ ಹಂಬಲ. ಹುಡುಗನ ಕೈ ಮಾತ್ರ ಕಲ್ಲನ್ನೋ ಚೆಂಡನ್ನೋ ಹುಡುಕುತ್ತಿತ್ತು. ಚಪ್ಪಟೆ ಕಲ್ಲುಗಳನ್ನು ಬೀಸಿ ಅವು ಗಾಳಿಯಲ್ಲಿ ಬಾಗಿ ಹೋಗುವುದನ್ನು ನೋಡುವುದೇ ಆತನ ಬಾಲ್ಯದ ವಿನೋದ. ಚೆಂಡನ್ನು ಬಾಗಿಸುವ ಮೊದಲ ಪಾಠ ಆತನಿಗೆ ದೊರೆತದ್ದು ಈ ಕಲ್ಲುಗಳಿಂದಲೇ.

ಹದಿನಾಲ್ಕನೆಯ ವಯಸ್ಸಿನಲ್ಲಿ ಊರಿನ ದೊಡ್ಡವರ ತಂಡಕ್ಕೆ ಎಸೆಗಾರನಿಲ್ಲದೆ ಹೋದಾಗ ಈ ಬಾಲಕನನ್ನೇ ಕರೆದುಕೊಂಡು ಹೋದರು. ನೆರೆಯ ಮಿಲ್ ಸಿಟಿಯ ತಂಡದೊಡನೆ ನಡೆದ ಆ ಪಂದ್ಯದಲ್ಲಿ ಫ್ಯಾಕ್ಟರಿವಿಲ್ 19ಕ್ಕೆ 17ರಂತೆ ಗೆದ್ದಿತು. ಗೆಲುವಿಗೆ ನೆರವಾದದ್ದು ಆತನ ಎಸೆತವಲ್ಲ, ದಾಂಡಿನ ಹೊಡೆತ ಎಂಬುದು ಗಮನಿಸತಕ್ಕ ಸಂಗತಿ. ಎದುರಾಳಿಗೆ 17 ಓಟಗಳನ್ನು ಬಿಟ್ಟುಕೊಟ್ಟ ಆ ಕೈಯೇ ಮುಂದೆ ಜಗತ್ತು ಕಂಡ ಅತ್ಯಂತ ನಿಖರವಾದ ಕೈಗಳಲ್ಲೊಂದಾಯಿತು. ಆರಂಭದ ಸೋಲನ್ನೇ ಮಗುವಿನ ಹಣೆಬರಹವೆಂದು ಬಗೆಯುವ ತಂದೆತಾಯಿಗಳೂ ಶಿಕ್ಷಕರೂ ಇದನ್ನು ನೆನಪಿನಲ್ಲಿಡಬೇಕು.

ಊರಿನ ಕೀಸ್ಟೋನ್ ಅಕಾಡೆಮಿಯಲ್ಲಿ ಓದು ಮುಗಿಸಿ ಆತನು 1898ರಲ್ಲಿ ಲೂಯಿಸ್‌ಬರ್ಗಿನ ಬಕ್‌ನೆಲ್ ವಿಶ್ವವಿದ್ಯಾಲಯವನ್ನು ಸೇರಿದನು. ಅಲ್ಲಿ ಆತನು ಕೇವಲ ಆಟಗಾರನಾಗಿರಲಿಲ್ಲ. ತರಗತಿಯ ಅಧ್ಯಕ್ಷನಾಗಿದ್ದನು, ಸಾಹಿತ್ಯ ಸಂಘದ ಸದಸ್ಯನಾಗಿದ್ದನು, ಗಾಯನ ಮೇಳದಲ್ಲಿ ಹಾಡುತ್ತಿದ್ದನು. ಚದುರಂಗದ ತಮ್ಮನಂತಿರುವ ಚೆಕರ್ಸ್ ಆಟದಲ್ಲಿ ಆತನಿಗಿದ್ದ ಪರಿಣತಿ ಎಂಥದ್ದೆಂದರೆ, ಮುಂದಿನ ದಿನಗಳಲ್ಲಿ ಏಕಕಾಲಕ್ಕೆ ಹಲವರೊಡನೆ ಆಡಿ ಗೆಲ್ಲುತ್ತಿದ್ದನು. ಯಾವ ದಾಂಡಿಗನಿಗೆ ಯಾವ ಚೆಂಡು ಕಷ್ಟ, ಯಾವುದು ಇಷ್ಟ ಎಂಬುದನ್ನು ವರ್ಷಗಟ್ಟಲೆ ಮರೆಯದಿದ್ದ ಆ ಧಾರಣಶಕ್ತಿಯು ಚೆಕರ್ಸ್ ಹಲಗೆಯ ಮುಂದೆಯೂ ಬಯಲಿನ ನಡುವೆಯೂ ಒಂದೇ ಸಮನಾಗಿ ದುಡಿಯಿತು.

ಬೇಸಗೆಯ ರಜೆಯಲ್ಲಿ ಹಣಕ್ಕಾಗಿ ಆಡುವ ಚಿಕ್ಕ ತಂಡಗಳನ್ನು ಸೇರುವುದು ಆಗಿನ ಬಡ ವಿದ್ಯಾರ್ಥಿಗಳ ಪರಿಪಾಠ. 1899ರಲ್ಲಿ ಮ್ಯಾಸಚೂಸೆಟ್ಸಿನ ಟಾಂಟನ್ ಊರಿನ ತಂಡಕ್ಕೆ ಆತನು ಹೋದನು. ಅಲ್ಲಿಂದ ದೊರೆತ ಸಂಪಾದನೆ ಅಲ್ಪವೇ ಆದರೂ ಒಂದು ದೊಡ್ಡ ನಿಧಿ ಕೈಸೇರಿತು. ವಿಲಿಯಮ್ಸ್ ಎಂಬ ಎಸೆಗಾರನೊಬ್ಬನಿಗೆ ಒಂದು ವಿಚಿತ್ರವಾದ ಎಸೆತ ಗೊತ್ತಿತ್ತು. ಮಣಿಕಟ್ಟನ್ನು ಎಲ್ಲರೂ ತಿರುಗಿಸುವ ದಿಕ್ಕಿಗೆ ವಿರುದ್ಧವಾಗಿ, ಅಂಗೈ ಹೊರಮುಖವಾಗುವಂತೆ ತಿರುಚಿ ಬಿಟ್ಟರೆ ಚೆಂಡು ವಾಡಿಕೆಯ ಬಾಗುವಿಕೆಗೆ ಎದುರು ದಿಕ್ಕಿನಲ್ಲಿ ಬಾಗಿ, ದಾಂಡಿಗನ ಸಮೀಪಕ್ಕೆ ಬಂದಂತೆ ಸೊರಗಿ ಇಳಿದುಬಿಡುತ್ತಿತ್ತು. ಆದರೆ ವಿಲಿಯಮ್ಸನಿಗೆ ಅದು ಒಂದು ಚಮತ್ಕಾರವಷ್ಟೇ ಆಗಿತ್ತು. ಅದನ್ನು ಬೇಕಾದ ಕಡೆಗೆ ಕಳುಹಿಸುವ ಹತೋಟಿ ಇರಲಿಲ್ಲವಾಗಿ ಪಂದ್ಯದಲ್ಲಿ ಅದು ಕೆಲಸಕ್ಕೆ ಬಾರದೆ ಹೋಯಿತು. ಮ್ಯಾಥ್ಯೂಸನ್ನನು ಅದನ್ನು ಕಲಿತು, ದಿನ ಬಿಡದೆ ತಿದ್ದಿದನು. ತೋರಿಸಿಕೊಟ್ಟವನ ಬಳಿ ಆಟಿಕೆಯಾಗಿದ್ದುದು ಕಲಿತವನ ಬಳಿ ಆಯುಧವಾಯಿತು. ಇಬ್ಬರಿಗೂ ಗೊತ್ತಿದ್ದ ವಿದ್ಯೆ ಒಂದೇ. ನಡುವಣ ಅಂತರವು ಅಭ್ಯಾಸವೊಂದರದು ಮಾತ್ರ.

1900ರಲ್ಲಿ ವರ್ಜೀನಿಯಾದ ನಾರ್ಫಕ್ ತಂಡಕ್ಕೆ ಆಡಿ 20 ಪಂದ್ಯಗಳನ್ನು ಗೆದ್ದು ಎರಡನ್ನು ಮಾತ್ರ ಸೋತಾಗ ನ್ಯೂಯಾರ್ಕಿನ ಜಯಂಟ್ಸ್ ಎಂಬ ಪ್ರಖ್ಯಾತ ತಂಡದವರ ಕಣ್ಣು ಆತನ ಮೇಲೆ ಬಿದ್ದಿತು. ಆ ತಂಡದ ನಾಯಕ ಜಾರ್ಜ್ ಡೇವಿಸ್ ತಾನೇ ದಾಂಡು ಹಿಡಿದು ನಿಂತು ಹುಡುಗನನ್ನು ಪರೀಕ್ಷಿಸಿದನು. ಮ್ಯಾಥ್ಯೂಸನ್ನನು ಹೆಮ್ಮೆಯಿಂದ ಎಸೆದ ದೊಡ್ಡ ಬಳಸಿನ ತಿರುವು ಚೆಂಡನ್ನು ಡೇವಿಸನು ಲೀಲೆಯಿಂದ ಹೊಡೆದು, ಇನ್ನು ಅದನ್ನು ಮರೆತುಬಿಡುವುದೇ ಲೇಸೆಂದು ತಿಳಿಸಿದನು. ಕೊನೆಗೆ ವಿಲಿಯಮ್ಸನಿಂದ ಕಲಿತ ಎಸೆತ ಬಂದಾಗ ಡೇವಿಸನ ದಾಂಡು ಗಾಳಿಯನ್ನು ಬೀಸಿತು. ಅದನ್ನೇ ಸಾಧಿಸೆಂದು ಆಜ್ಞೆಯಾಯಿತು. ಮಾಸಿ ಮರೆಯಾಗುವ ಚೆಂಡು ಎಂಬರ್ಥದಲ್ಲಿ ಫೇಡ್‌ಅವೇ ಎಂದು ಪ್ರಸಿದ್ಧವಾದದ್ದು ಈ ಎಸೆತವೇ.

ಆದರೂ ಮೊದಲ ಪ್ರವೇಶ ಶುಭವಾಗಲಿಲ್ಲ. ಆ ವರ್ಷ ಜಯಂಟ್ಸ್ ಪರವಾಗಿ ಮೂರು ಪಂದ್ಯಗಳನ್ನು ಸೋತು, ಒಂದನ್ನೂ ಗೆಲ್ಲದೆ ನಾರ್ಫಕ್ಕಿಗೆ ಹಿಂದಿರುಗಬೇಕಾಯಿತು. ಡಿಸೆಂಬರಿನಲ್ಲಿ ನಡೆದ ಒಂದು ವಿನಿಮಯದ ಮೂಲಕ ಮತ್ತೆ ಅದೇ ತಂಡಕ್ಕೆ ಬಂದವನು 1901ರಲ್ಲಿ 20 ಪಂದ್ಯಗಳನ್ನು ಗೆದ್ದುಕೊಟ್ಟನು. ಅಷ್ಟಾದರೂ 1902ರಲ್ಲಿ ತಂಡದ ವ್ಯವಸ್ಥಾಪಕನೊಬ್ಬನು ಈತನನ್ನು ಎಸೆಗಾರಿಕೆಯಿಂದ ಬಿಡಿಸಿ ಮೊದಲ ನೆಲೆ ಕಾಯುವ ಕೆಲಸಕ್ಕೆ ನಿಲ್ಲಿಸಲು ಯತ್ನಿಸಿದುದುಂಟು! ಅದೇ ವರ್ಷ ಜಾನ್ ಮೆಕ್‌ಗ್ರಾ ಎಂಬ ಚತುರನು ತಂಡದ ಹೊಣೆ ಹೊತ್ತು, ಆತನನ್ನು ತನ್ನ ಸ್ಥಾನಕ್ಕೆ ಮರಳಿಸಿದನು. ಮುಂಗೋಪಿಯಾದ ಮೆಕ್‌ಗ್ರಾನೂ ಶಾಂತಸ್ವಭಾವದ ಮ್ಯಾಥ್ಯೂಸನ್ನನೂ ಜೀವದ ಗೆಳೆಯರಾದರು. 1903ರಲ್ಲಿ ಜೇನ್ ಸ್ಟೌಟನ್ನಳನ್ನು ವರಿಸಿದ ಮ್ಯಾಥ್ಯೂಸನ್ನನು ಪತ್ನಿಯೊಡನೆ ಮೆಕ್‌ಗ್ರಾ ದಂಪತಿಗಳ ಮನೆಯಲ್ಲಿಯೇ ಕೆಲಕಾಲ ಕೂಡಿ ಬಾಳಿದನು.

ಅಲ್ಲಿಂದ ಮುಂದೆ ಆತನ ಏಳಿಗೆಯನ್ನು ತಡೆಯುವವರಿರಲಿಲ್ಲ. 1903ರಲ್ಲಿ 30, 1904ರಲ್ಲಿ 33, 1905ರಲ್ಲಿ 31, 1908ರಲ್ಲಿ 37 ವಿಜಯಗಳು. 1905ರ ಅಕ್ಟೋಬರಿನಲ್ಲಿ ಫಿಲಡೆಲ್ಫಿಯಾ ತಂಡದೊಡನೆ ನಡೆದ ವರ್ಲ್ಡ್ ಸೀರೀಸ್ ಪಂದ್ಯಗಳಲ್ಲಿ ಆರು ದಿನಗಳ ಅವಧಿಯೊಳಗೆ ಮೂರು ಪಂದ್ಯಗಳನ್ನು, ಎಂದರೆ 27 ಇನ್ನಿಂಗ್ಸ್‌ಗಳನ್ನು ಎಸೆದು ಎದುರಾಳಿಗೆ ಒಂದೇ ಒಂದು ಓಟವನ್ನೂ ಕೊಡಲಿಲ್ಲ. ಅಂಥ ಸಾಧನೆ ಇಂದಿಗೂ ದಂತಕಥೆಯಂತೆ ಕೇಳಿಸುತ್ತದೆ.

ಆದರೆ ಬಲ್ಲವರು ಆತನನ್ನು ಅಳೆಯುವುದು ಬೇರೊಂದು ಲೆಕ್ಕದಿಂದ. ನೆಲದಲ್ಲಿ ಹುದುಗಿಸಿದ 17 ಅಂಗುಲ ಅಗಲದ ಫಲಕದ ಮೇಲ್ಗಡೆ, ದಾಂಡಿಗನ ಮೊಳಕಾಲಿಗೂ ಎದೆಗೂ ನಡುವಣ ಎತ್ತರದಲ್ಲಿ ಎಸೆಗಾರನ ಚೆಂಡು ಹಾಯಬೇಕು. ದಾಂಡಿಗನು ಬೀಸದೆ ಬಿಟ್ಟ ಚೆಂಡುಗಳಲ್ಲಿ ಹಾಗೆ ಹಾಯದವು ನಾಲ್ಕಾದರೆ ಅವನು ಹೊಡೆಯುವ ಶ್ರಮವಿಲ್ಲದೆಯೇ ಮೊದಲ ನೆಲೆಗೆ ನಡೆದು ಹೋಗುತ್ತಾನೆ. ಇದು ಎಸೆಗಾರನು ತನ್ನ ಹತೋಟಿ ತಪ್ಪಿ ಎದುರಾಳಿಗೆ ಕೊಡುವ ದಾನ. 1913ರಲ್ಲಿ 306 ಇನ್ನಿಂಗ್ಸ್‌ಗಳನ್ನು ಎಸೆದ ಮ್ಯಾಥ್ಯೂಸನ್ನನು ವರ್ಷವಿಡೀ ಇಂಥ ದಾನ ಕೊಟ್ಟದ್ದು 21 ಸಲ ಮಾತ್ರ. ಅದೇ ವರ್ಷ ಒಮ್ಮೆ ಎಡೆಬಿಡದೆ 68 ಇನ್ನಿಂಗ್ಸ್‌ಗಳ ಕಾಲ ಒಬ್ಬನನ್ನೂ ಹಾಗೆ ನಡೆಯಗೊಡಲಿಲ್ಲ. ಆತನಿಗಿಂತ ವೇಗವಾಗಿ ಎಸೆಯುವವರು ಆ ಕಾಲದಲ್ಲಿಯೇ ಇದ್ದರು. ನೆನೆದ ಕಡೆಗೆ ಚೆಂಡನ್ನು ಕಳುಹಿಸುವುದರಲ್ಲಿ ಸರಿಸಮಾನರು ವಿರಳ.

ಈ ಹತೋಟಿಗೆ ಇನ್ನೊಂದು ಮುಖವೂ ಇತ್ತು. ಮಿತವ್ಯಯವೆಂದು ಅದನ್ನು ಕರೆಯಬಹುದು. ಫೇಡ್‌ಅವೇ ಎಸೆತವು ತೋಳನ್ನು ಸ್ವಭಾವಕ್ಕೆ ವಿರುದ್ಧವಾಗಿ ತಿರುಚುವುದರಿಂದ ಬಹಳ ಆಯಾಸಕರವಾದುದು. ಆದಕಾರಣ ಒಂದು ಪಂದ್ಯದಲ್ಲಿ ಹತ್ತು ಹನ್ನೆರಡು ಸಲಕ್ಕೆ ಮೀರಿ ಅದನ್ನು ಸಾಮಾನ್ಯವಾಗಿ ಎಸೆಯುತ್ತಿರಲಿಲ್ಲ. ನೆಲೆಗಳು ಬರಿದಾಗಿ ಅಪಾಯವಿಲ್ಲದಿರುವಾಗ ಹಗುರವಾಗಿ ಎಸೆಯುವುದು, ಸಂಕಟದ ಗಳಿಗೆ ಒದಗಿದಾಗ ಕೂಡಿಟ್ಟ ಬಲವನ್ನೆಲ್ಲ ಹೊರತೆಗೆಯುವುದು ಆತನ ಕ್ರಮ. 1912ರಲ್ಲಿ ಪ್ರಕಟವಾದ ಆತನ ಪುಸ್ತಕದ ಹೆಸರೇ ಪಿಚಿಂಗ್ ಇನ್ ಎ ಪಿಂಚ್, ಎಂದರೆ ಇಕ್ಕಟ್ಟಿನ ಹೊತ್ತಿನ ಎಸೆತ. ಎಳೆಯ ತೋಳುಗಳಿಂದ ದಿನವೂ ಲೆಕ್ಕವಿಲ್ಲದಷ್ಟು ಎಸೆಯಿಸಿ, ತಿರುವುಗಳನ್ನು ಬೇಗನೆ ಕಲಿಸಿ, ಭುಜ ನೋಯಿಸಿ ಮನೆಗೆ ಕಳುಹಿಸುವ ಶಿಕ್ಷಕರಿಗೆ ಇದರಲ್ಲಿ ಪಾಠವಿದೆ. ಬಾಲಕರು ಮೊದಲು ನೇರವಾದ ಚೆಂಡನ್ನು ಗುರಿಗೆ ತಾಗಿಸುವುದನ್ನು ಕಲಿಯಲಿ ಎಂಬುದೇ ಆತನ ಹಿತವಚನವಾಗಿತ್ತು.

ಸೋಲು ಆತನನ್ನು ಬಾಧಿಸಲಿಲ್ಲವೆಂದು ತಿಳಿಯಬಾರದು. 1908ರ ಅಕ್ಟೋಬರ್ 8ರಂದು ಷಿಕಾಗೋ ತಂಡದೊಡನೆ ನಡೆದ ನಿರ್ಣಾಯಕ ಪಂದ್ಯವನ್ನು ಆತನೇ ಎಸೆದು ಸೋತನು. 1912ರ ವರ್ಲ್ಡ್ ಸೀರೀಸ್‌ನ ಕೊನೆಯ ಪಂದ್ಯದಲ್ಲಿ ಸಂಗಡಿಗನೊಬ್ಬನು ಸುಲಭವಾದ ಚೆಂಡನ್ನು ಕೈಚೆಲ್ಲಿದುದರಿಂದ ಗೆಲುವು ಬಾಸ್ಟನ್ನಿನ ಪಾಲಾಯಿತು. ಪತ್ರಿಕೆಗಳೂ ಜನರೂ ಆ ಸಂಗಡಿಗನನ್ನು ವರ್ಷಗಟ್ಟಲೆ ಹಳಿದರು, ಮ್ಯಾಥ್ಯೂಸನ್ನನು ಹಳಿಯಲಿಲ್ಲ. ಬೈಗುಳ, ಕುಡಿತ, ಜಗಳಗಳಿಗೆ ಹೆಸರಾಗಿದ್ದ ಅಂದಿನ ಆಟಗಾರರ ನಡುವೆ ಆತನು ತಾಯಿಗೆ ಕೊಟ್ಟ ಮಾತಿನಂತೆ ಭಾನುವಾರ ಆಡದೆ ಇದ್ದವನು. ಆದರೂ ಆತನನ್ನು ಮುನಿಯಂತೆ ಚಿತ್ರಿಸುವುದು ಸತ್ಯಕ್ಕೆ ದೂರ. ಇಸ್ಪೀಟಿನಲ್ಲಿ ಪಳಗಿದ ಕೈ ಆತನದು. ಅಪರಿಚಿತರೊಡನೆ ಬೆರೆಯದ ಬಿಗುಮಾನವೂ ಇತ್ತು. ಸಾಧಾರಣ ಮನುಷ್ಯನೊಬ್ಬನು ತನ್ನನ್ನು ಹತೋಟಿಯಲ್ಲಿಟ್ಟುಕೊಂಡು ದೊಡ್ಡವನಾದುದೇ ಆತನ ಹಿರಿಮೆ.

ಆ ಹತೋಟಿಗೆ ನಿಜವಾದ ಪರೀಕ್ಷೆ ಒದಗಿದ್ದು ತೋಳಿನ ಬಲ ಉಡುಗಿದ ಮೇಲೆ. 1916ರ ಜುಲೈನಲ್ಲಿ ಆತನು ಸಿನ್ಸಿನಾಟಿ ತಂಡದ ವ್ಯವಸ್ಥಾಪಕನಾದನು. ಆ ವರ್ಷದ ಸೆಪ್ಟೆಂಬರಿನಲ್ಲಿ ಕಡೆಯ ಸಲ ಎಸೆದು ಗೆದ್ದದ್ದೇ ಆತನ 373ನೆಯ ವಿಜಯ. ತಂಡದಲ್ಲಿ ಹ್ಯಾಲ್ ಚೇಸ್ ಎಂಬ ಅಸಾಧಾರಣ ಆಟಗಾರನಿದ್ದನು. ಜೂಜುಗಾರರಿಂದ ಹಣ ಪಡೆದು ಬೇಕೆಂದೇ ಪಂದ್ಯ ಸೋಲುತ್ತಾನೆಂಬ ಗುಮಾನಿ ಅವನ ಮೇಲಿತ್ತು. ಎಷ್ಟೋ ಮಂದಿ ಕಂಡೂ ಕಾಣದಂತಿದ್ದರು. 1918ರ ಆಗಸ್ಟಿನಲ್ಲಿ ಮ್ಯಾಥ್ಯೂಸನ್ನನು ಅವನನ್ನು ತಂಡದಿಂದ ಅಮಾನತು ಮಾಡಿದನು. ಬಳಿಕ ತಾನು ಸೈನ್ಯಕ್ಕೆ ಸೇರಿ, ವಿಷಾನಿಲ ಯುದ್ಧದ ವಿಭಾಗದಲ್ಲಿ ಕ್ಯಾಪ್ಟನ್ ಆಗಿ ಫ್ರಾನ್ಸಿಗೆ ತೆರಳಿದನು. ಮರುವರ್ಷ ಚೇಸನ ವಿಚಾರಣೆ ನಡೆದಾಗ ಮುಖ್ಯ ಸಾಕ್ಷಿಯಾಗಬೇಕಿದ್ದವನು ಸಾಗರದಾಚೆ ಇದ್ದನು. ಸಾಕ್ಷ್ಯ ಸಾಲದೆಂದು ಚೇಸನನ್ನು ಬಿಟ್ಟುಬಿಟ್ಟರು. ಅಷ್ಟೇ ಅಲ್ಲ, 1919ರಲ್ಲಿ ಅವನನ್ನು ತನ್ನ ತಂಡಕ್ಕೆ ಸೇರಿಸಿಕೊಂಡವನು ಪ್ರಾಣಮಿತ್ರನಾದ ಮೆಕ್‌ಗ್ರಾನೇ. ಯುದ್ಧದಿಂದ ಹಿಂದಿರುಗಿ ಅದೇ ತಂಡಕ್ಕೆ ತರಬೇತುದಾರನಾಗಿ ಬಂದ ಮ್ಯಾಥ್ಯೂಸನ್ನನು ತಾನು ದೂರಿದವನ ಜೊತೆಯಲ್ಲಿಯೇ ಕುಳಿತುಕೊಳ್ಳಬೇಕಾಯಿತು.

ಲೋಕವು ಆತನ ಮಾತನ್ನು ಕೇಳಬೇಕಾದರೆ ದೊಡ್ಡ ಅನಾಹುತವೇ ಆಗಬೇಕಾಯಿತು. 1919ರ ವರ್ಲ್ಡ್ ಸೀರೀಸ್‌ನಲ್ಲಿ ಷಿಕಾಗೋ ತಂಡವು ಮೋಸದಿಂದ ಸೋಲಲಿದೆಯೆಂಬ ಗುಸುಗುಸು ಹಬ್ಬಿದಾಗ, ಪತ್ರಕರ್ತ ಹ್ಯೂ ಫುಲರ್ಟನ್ ತನ್ನ ಪಕ್ಕದಲ್ಲಿ ಮ್ಯಾಥ್ಯೂಸನ್ನನನ್ನು ಕೂರಿಸಿಕೊಂಡನು. ಪಂದ್ಯದಲ್ಲಿ ಸಂದೇಹಾಸ್ಪದವಾಗಿ ಕಂಡ ಆಟಗಳನ್ನು ಗುರುತು ಹಾಕುತ್ತ ಹೋದರು. ಯಾವ ಚೆಂಡು ಕೈತಪ್ಪಿ ಹೋದದ್ದು, ಯಾವುದು ಬೇಕೆಂದೇ ತಪ್ಪಿದ್ದು ಎಂಬುದನ್ನು ಜೀವಮಾನವೆಲ್ಲ ಗುರಿಯನ್ನೇ ನೋಡಿದ ಕಣ್ಣಿಗಲ್ಲದೆ ಇನ್ನಾರ ಕಣ್ಣಿಗೆ ಗೋಚರಿಸೀತು? ಮೋಸ ಬಯಲಾಗಿ 1921ರಲ್ಲಿ ಎಂಟು ಮಂದಿ ಆಟಗಾರರು ಆಜೀವ ಬಹಿಷ್ಕೃತರಾದರು.

ಅಷ್ಟರೊಳಗೆ ಆತನನ್ನು ಕ್ಷಯರೋಗವು ಹಿಡಿದಿತ್ತು. ಫ್ರಾನ್ಸಿನಲ್ಲಿ ವಿಷಾನಿಲದ ಸೋಂಕು ತಗುಲಿದ್ದೇ ದೇಹವನ್ನು ಕುಗ್ಗಿಸಿತೆಂದು ಹಲವರು ನಂಬಿದ್ದರು. 1920ರಲ್ಲಿ ನ್ಯೂಯಾರ್ಕ್ ಪ್ರಾಂತದ ಸಾರನಾಕ್ ಲೇಕ್ ಎಂಬ ಪರ್ವತಪ್ರದೇಶದ ಊರಿಗೆ ಚಿಕಿತ್ಸೆಗಾಗಿ ಕರೆದೊಯ್ದರು. ಆ ರೋಗಕ್ಕೆ ಅಂದು ಮದ್ದಿರಲಿಲ್ಲ. ತಣ್ಣನೆಯ ಶುದ್ಧವಾದ ಗಾಳಿ, ಪೂರ್ಣ ವಿಶ್ರಾಂತಿ, ಸಹನೆ ಇವೇ ಔಷಧಗಳು. ಅಲುಗದೆ ಮಲಗಿರುವುದೂ ಒಂದು ಸಾಧನೆಯೆಂಬಂತೆ ಆತನು ಅದನ್ನೂ ಕ್ರಮವಾಗಿ ಅಭ್ಯಾಸ ಮಾಡಿದನು. ಎರಡು ವರ್ಷಗಳಲ್ಲಿ ಚೇತರಿಕೆ ಕಂಡು, 1923ರಲ್ಲಿ ಬಾಸ್ಟನ್ ಬ್ರೇವ್ಸ್ ತಂಡದ ಅಧ್ಯಕ್ಷನಾದನು. ಆದರೆ ರೋಗವು ಮರುಕಳಿಸಿತು. 1925ರ ಅಕ್ಟೋಬರ್ 7ರಂದು, ತನ್ನ 45ನೆಯ ವಯಸ್ಸಿನಲ್ಲಿ ಆತನು ಕಣ್ಮುಚ್ಚಿದನು. ಅದೇ ದಿನ ಆ ವರ್ಷದ ವರ್ಲ್ಡ್ ಸೀರೀಸ್ ಆರಂಭವಾಗಿತ್ತು. ಮರುದಿನ ಎರಡೂ ತಂಡಗಳ ಆಟಗಾರರು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಬಯಲಿಗಿಳಿದರು. ತಾನು ಓದಿದ ಲೂಯಿಸ್‌ಬರ್ಗಿನ ಮಣ್ಣಿನಲ್ಲಿಯೇ ಆತನನ್ನು ಸಮಾಧಿ ಮಾಡಿದರು. ಬಕ್‌ನೆಲ್ ವಿಶ್ವವಿದ್ಯಾಲಯದ ಕ್ರೀಡಾಂಗಣವು ಆತನ ಹೆಸರನ್ನು ಹೊತ್ತಿದೆ. 1936ರಲ್ಲಿ ಬೇಸ್‌ಬಾಲಿನ ಕೀರ್ತಿಮಂದಿರಕ್ಕೆ ಮೊಟ್ಟಮೊದಲು ಐವರನ್ನು ಆರಿಸಿದಾಗ ಅವರಲ್ಲಿ ಈತನೊಬ್ಬನು. ಆ ಐವರೊಳಗೆ ಅಂದು ಬದುಕಿರದೆ ಇದ್ದವನೂ ಈತನೊಬ್ಬನೇ.

ಶಾಲೆಯ ಬಯಲಿನಲ್ಲಿ ಗೋಡೆಗೆ ಚೆಂಡೆಸೆಯುತ್ತಿರುವ ಮಗುವು ಮ್ಯಾಥ್ಯೂಸನ್ನನಷ್ಟು ಕೀರ್ತಿವಂತನಾಗಬೇಕೆಂದೇನೂ ಇಲ್ಲ. ಸಾವಿರದಲ್ಲಿ ಒಬ್ಬನಿಗೂ ಆ ಯೋಗ ಬರಲಾರದು. ಆದರೆ ಮಣಿಕಟ್ಟಿನ ಮಿಡಿತದಿಂದ ಮೊದಲುಮಾಡಿ, ಗುರಿ ತಪ್ಪಿದಾಗ ಕೋಪಿಸಿಕೊಳ್ಳದೆ ಒಂದು ಮೆಟ್ಟಿಲು ಕೆಳಗಿಳಿದು, ಮತ್ತೆ ಎಣಿಸಿ ಎಸೆಯುವ ಮಗುವು ಚೆಂಡಿನೊಡನೆ ತನ್ನನ್ನೂ ತಿದ್ದಿಕೊಳ್ಳುತ್ತಿರುತ್ತದೆ. ಹತ್ತಕ್ಕೆ ಆರು ತಾಗಿದರೆ ಆರೆಂದೇ ಬರೆಯುವ ಅಭ್ಯಾಸವು ಅದಕ್ಕೆ ಅಲ್ಲಿಯೇ ಕೂಡಿ ಬರುತ್ತದೆ. ಅಂಥ ಎಣಿಕೆಯನ್ನು ಪಕ್ಕದಲ್ಲಿ ನಿಂತು ತಾಳ್ಮೆಯಿಂದ ಬರೆದುಕೊಳ್ಳುವ ಶಿಕ್ಷಕನೂ, ಆ ಗೋಡೆಯನ್ನೂ ಬಯಲನ್ನೂ ಒದಗಿಸಿಕೊಡುವ ದಾನಿಯೂ, ಮೊದಲ ಪಂದ್ಯದಲ್ಲಿ 17 ಓಟ ಬಿಟ್ಟುಕೊಟ್ಟ ಹುಡುಗನನ್ನು ಮತ್ತೆ ಆಟಕ್ಕೆ ಕರೆಯುವ ಊರಿನವರೂ ಇದ್ದರೆ ಸಾಕು. ಉಳಿದುದನ್ನು ಅಭ್ಯಾಸವು ನೋಡಿಕೊಳ್ಳುತ್ತದೆ.